ಸರಗೂರಿನ ಹಳೆಯ ಕಣಶಿಲೆಗಳನ್ನು ಗುರುತಿಸುವ ಬಗೆ: ಮೈಸೂರು–ಮಂಡ್ಯ ಸೀಮೆಗೊಂದು ಸಮಗ್ರ ಮಾರ್ಗದರ್ಶಿ

ಕಣಶಿಲೆ, ಎಂದರೆ ಮರಳು, ಜೇಡಿಗಳು ಪದರವಾಗಿ ಕೂತು ಗಟ್ಟಿಯಾದ ಕಲ್ಲು, ಎಂದೊಡನೆ ಬಾದಾಮಿಯ ಗುಹೆಗಳ ಹಿಂದಿರುವ ಕೆಂಪು ಮರಳುಗಲ್ಲಿನ ಪದರಗಳು ನಮ್ಮ ಕಣ್ಣಮುಂದೆ ಬರುತ್ತವೆ. ಮೈಸೂರು, ಮಂಡ್ಯ ಜಿಲ್ಲೆಗಳಲ್ಲಿ ಅಂಥ ದೃಶ್ಯ ಎಲ್ಲಿಯೂ ಸಿಗುವುದಿಲ್ಲ. ಹಾಗೆಂದು ಇಲ್ಲಿ ಕಣಶಿಲೆಯೇ ಇಲ್ಲವೆಂದಲ್ಲ. ಬಾದಾಮಿಯ ಕಲ್ಲಿಗಿಂತ ಬಹಳ ಹಿಂದೆ, 300 ಕೋಟಿ ವರ್ಷಗಳಿಗೂ ಮುಂಚೆ, ಸಮುದ್ರದ ತಳದಲ್ಲಿ ಸಂಗ್ರಹವಾದ ಮರಳು, ಜೇಡಿ, ಸುಣ್ಣದ ಕೆಸರು ಮತ್ತು ಕಬ್ಬಿಣದ ಒತ್ತರಗಳು ಸರಗೂರು, ಹೆಗ್ಗಡದೇವನಕೋಟೆ, ನಾಗಮಂಗಲ, ಕೃಷ್ಣರಾಜಪೇಟೆಗಳ ನೆಲದಲ್ಲಿ ಇಂದಿಗೂ ಇವೆ. ಆದರೆ ಅವು ಭೂಮಿಯ ಆಳಕ್ಕಿಳಿದು, 700 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವಿನಲ್ಲಿ ಬೆಂದು, ಹಲವು ಬಾರಿ ಮಡಚಿಕೊಂಡು ಮೇಲೆ ಬಂದಿರುವುದರಿಂದ ಮರಳಿನ ಕಣದ ಗುಂಡಗಿನ ಆಕಾರವಾಗಲಿ, ಅಲೆಯ ಗುರುತಾಗಲಿ ಬಹುಪಾಲು ಉಳಿದಿಲ್ಲ. ಉಳಿದಿರುವುದು ಅವುಗಳ ರಾಸಾಯನಿಕ ಸ್ವಭಾವ ಮಾತ್ರ. ಆದುದರಿಂದ ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಒಂದೇ ಸೂತ್ರವನ್ನು ಹಿಡಿದು ಸಾಗುತ್ತವೆ: ಕಲ್ಲಿನಲ್ಲಿ ಪದರ ಕಂಡಿತೆಂದು ಅದನ್ನು ಕಣಶಿಲೆ ಎಂದು ನಂಬಬಾರದು, ಅದರೊಳಗಿನ ಖನಿಜಗಳು ಕರಗಿದ ಶಿಲಾಪಾಕದಿಂದ ಬರಲು ಸಾಧ್ಯವೇ ಎಂದು ಕೇಳಬೇಕು. ಸಾಧ್ಯವಿಲ್ಲ ಎಂಬ ಉತ್ತರ ಬಂದಾಗ ಮಾತ್ರ ನಾವು ಹಳೆಯ ಸಮುದ್ರತಳದ ಮೇಲೆ ನಿಂತಿದ್ದೇವೆ ಎನ್ನಬಹುದು.

ಹಂತ 1: ನಕ್ಷೆಯನ್ನು ಓದಿಕೊಂಡು ಹೊರಡುವುದು

ಈ ಶಿಲೆಗಳಿಗೆ ಭೂವಿಜ್ಞಾನದಲ್ಲಿ ‘ಸರಗೂರು ಸಮೂಹ’ ಎಂದು ಹೆಸರು. ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ‘ಧಾರವಾಡ’ದ ಶಿಲೆಗಳನ್ನು ಪ್ರತ್ಯೇಕವಾಗಿ ಗುರುತಿಸಿದ ಮೇಲೆ, ದಕ್ಷಿಣ ಕರ್ನಾಟಕದ ಇಂಥ ಪಟ್ಟಿಗಳನ್ನೂ ಬಹಳ ಕಾಲ ಅದೇ ಲೆಕ್ಕಕ್ಕೆ ಸೇರಿಸುತ್ತಿದ್ದರು. 1970ರ ದಶಕದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಸ್ವಾಮಿನಾಥ್, ರಾಮಕೃಷ್ಣನ್ ಮತ್ತು ಅವರ ಸಂಗಡಿಗರು, ಇವು ಧಾರವಾಡ ಮಹಾಸಮೂಹಕ್ಕಿಂತ ಹಳೆಯವು, ಹೆಚ್ಚು ಬೆಂದವು ಎಂದು ತೋರಿಸಿ ಬೇರ್ಪಡಿಸಿದರು. ಊರಿನ ಹೆಸರೇ ಒಂದು ಶಿಲಾಸಮೂಹದ ಹೆಸರಾಗಿ ಜಗತ್ತಿನ ಭೂವಿಜ್ಞಾನದ ಬರಹಗಳಲ್ಲಿ ನಿಂತಿದೆ ಎಂಬುದು ಸರಗೂರಿನ ಸಂತೆಗೆ ಬರುವ ಅನೇಕರಿಗೆ ಗೊತ್ತಿರಲಾರದು.

ಮೈಸೂರು ಮತ್ತು ಮಂಡ್ಯ ನಗರಗಳೆರಡೂ 57ಡಿ ಎಂಬ ಸ್ಥಳಾಕೃತಿ ನಕ್ಷೆಯ ವ್ಯಾಪ್ತಿಯಲ್ಲಿವೆ. ಸರಗೂರು ಅದರ ದಕ್ಷಿಣದ ಅಂಚಿಗೇ ಬರುತ್ತದೆ. ಸರ್ವೇಕ್ಷಣಾ ಸಂಸ್ಥೆಯ ‘ಭೂಕೋಶ’ ಜಾಲತಾಣದಲ್ಲಿ ಭೂವೈಜ್ಞಾನಿಕ ನಕ್ಷೆಗಳನ್ನು ನೋಡಬಹುದು. ನಕ್ಷೆ ತೆರೆದೊಡನೆ ಒಂದು ಸಂಗತಿ ಮನಸ್ಸಿಗೆ ಬರಬೇಕು: ಸರಗೂರು ಸಮೂಹವು ಹಾಸಿದ ಚಾಪೆಯಂತೆ ಒಂದೇ ಉದ್ದಕ್ಕೆ ಇಲ್ಲ. ಉಪ್ಪಿಟ್ಟಿನಲ್ಲಿ ಅವರೆಕಾಳು ಸಿಕ್ಕಂತೆ, ಎಲ್ಲೆಲ್ಲೂ ಹರಡಿರುವ ನೈಸ್ ಎಂಬ ಪಟ್ಟೆಪಟ್ಟೆಯ ಶಿಲೆಯ ನಡುವೆ ಅದರ ತುಂಡುಗಳು ಅಲ್ಲಲ್ಲಿ ಸಿಗುತ್ತವೆ. ಕೆಲವು ತುಂಡುಗಳು ಕಿಲೋಮೀಟರುಗಟ್ಟಲೆ ಉದ್ದವಿದ್ದರೆ ಕೆಲವು ಒಂದು ಎತ್ತಿನಗಾಡಿಯಷ್ಟೂ ಇರುವುದಿಲ್ಲ. ನಕ್ಷೆಯಲ್ಲಿ ಉತ್ತರ–ದಕ್ಷಿಣಕ್ಕೆ ಸುಮಾರಾಗಿ ವಾಲಿರುವ ಕಿರಿದಾದ ಪಟ್ಟಿಗಳನ್ನು ಗುರುತು ಹಾಕಿಕೊಂಡು, ಅವುಗಳನ್ನು ಅಡ್ಡಡ್ಡಲಾಗಿ ದಾಟುವ ರಸ್ತೆಯನ್ನೋ ನಾಲೆಯನ್ನೋ ಆರಿಸಿಕೊಳ್ಳಿ. ಪಟ್ಟಿಯ ಉದ್ದಕ್ಕೆ ನಡೆದರೆ ದಿನವೆಲ್ಲ ಒಂದೇ ಕಲ್ಲನ್ನು ನೋಡಬೇಕಾಗುತ್ತದೆ.

ಹಂತ 2: ಕಾಲ, ಅನುಮತಿ, ಚೀಲ

ರಾಗಿ, ಹುರುಳಿ ಕಟಾವಾದ ಮೇಲೆ, ಜನವರಿಯಿಂದ ಮಾರ್ಚ್‌ವರೆಗಿನ ತಿಂಗಳುಗಳು ಉತ್ತಮ. ಹುಲ್ಲು ಒಣಗಿ ಬಂಡೆ ಕಾಣುತ್ತದೆ, ಹೊಲದಲ್ಲಿ ನಡೆದರೆ ಬೆಳೆಗೆ ಹಾನಿಯಾಗುವುದಿಲ್ಲ. ಸರಗೂರು, ಹೆಗ್ಗಡದೇವನಕೋಟೆಗಳ ಕಾಡಂಚು ಬಂಡೀಪುರ ಮತ್ತು ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶಗಳಿಗೆ ಹೊಂದಿಕೊಂಡಿರುವುದರಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಡಿನೊಳಗೆ ಕಾಲಿಡುವಂತಿಲ್ಲ, ಹೊರಗಿನ ಹೊಲಗಳಿಂದಲೂ ಸಂಜೆ ಐದರೊಳಗೆ ಹೊರಟುಬಿಡಬೇಕು. ಆನೆ ಬರುವ ಹೊತ್ತು ಅದು. ಹೊಲದವರನ್ನು ಕೇಳದೆ ಬದು ದಾಟಬಾರದು. ದೇವಸ್ಥಾನ, ಕೋಟೆ, ವೀರಗಲ್ಲು ಇರುವ ಕಡೆ ಸುತ್ತಿಗೆಯನ್ನು ಚೀಲದಿಂದ ಹೊರಗೆ ತೆಗೆಯಲೇಬಾರದು.

ಚೀಲದಲ್ಲಿ ಇರಬೇಕಾದವು ಹೆಚ್ಚೇನಿಲ್ಲ: ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ಉಕ್ಕಿನ ಚಾಕು, ದಾರಕ್ಕೆ ಕಟ್ಟಿದ ಅಯಸ್ಕಾಂತ, ದಿಕ್ಸೂಚಿ, ಶೇಕಡ 10ರ ಹೈಡ್ರೋಕ್ಲೋರಿಕ್ ಆಮ್ಲ ತುಂಬಿದ ಚಿಕ್ಕ ಹನಿಬಾಟಲಿ, ಒಂದು ಬಾಟಲಿ ನೀರು, ಕಣ್ಣಿಗೆ ಕನ್ನಡಕ, ಪೆನ್ಸಿಲ್ ಮತ್ತು ನೋಟ್‌ಬುಕ್. ಭೂತಗನ್ನಡಿಯನ್ನು ಕಣ್ಣಿಗೆ ಅಂಟಿಸಿದಷ್ಟು ಹತ್ತಿರ ಹಿಡಿದು, ಕಲ್ಲನ್ನು ಅದರತ್ತ ತರಬೇಕು. ಕಲ್ಲಿನ ಮೇಲೆ ಕನ್ನಡಿ ಹಿಡಿದು ದೂರದಿಂದ ನೋಡಿದರೆ ಏನೂ ಕಾಣುವುದಿಲ್ಲ. ನುಗು ಜಲಾಶಯದ ಕಡೆಯ ಹೊಲವೊಂದರಲ್ಲಿ ಹೀಗೆ ಕೂತಿದ್ದಾಗ ದನ ಕಾಯುತ್ತಿದ್ದ ಹಿರಿಯರೊಬ್ಬರು ಬಹಳ ಹೊತ್ತು ನೋಡಿ, “ಅದೇನ್ ಸ್ವಾಮಿ, ಕಲ್ಲ ಮೂಸ್ ನೋಡ್ತಾ ಇದೀರಾ?” ಎಂದು ಕೇಳಿದ್ದರು. ಕನ್ನಡಿ ಹಿಡಿದ ಭಂಗಿ ಸರಿಯಾಗಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪ್ರಮಾಣಪತ್ರ ನನಗೆ ಮತ್ತೆ ಸಿಕ್ಕಿಲ್ಲ.

ಹಂತ 3: ಕಣಶಿಲೆ ಅಲ್ಲದ್ದನ್ನು ಮೊದಲು ನೋಡುವುದು

ಮೊದಲ ದಿನವೇ ಸರಗೂರಿಗೆ ಹೋಗಬೇಡಿ. ಚಾಮುಂಡಿ ಬೆಟ್ಟದ ಮೆಟ್ಟಿಲ ದಾರಿಯಲ್ಲಿ ನಿಧಾನವಾಗಿ ಹತ್ತುತ್ತ ಬಂಡೆಗಳನ್ನು ನೋಡಿ. ಅದು ಗ್ರಾನೈಟು, ವಯಸ್ಸು ಸುಮಾರು 80 ಕೋಟಿ ವರ್ಷ, ಎಂದರೆ ಈ ಸೀಮೆಯ ಲೆಕ್ಕದಲ್ಲಿ ಬಹಳ ಎಳೆಯದು. ಗುಲಾಬಿ ಅಥವಾ ಬೂದು ಬಣ್ಣದ ಫೆಲ್ಡ್‌ಸ್ಪಾರ್, ಗಾಜಿನಂಥ ಬೆಣಚು, ಕಪ್ಪು ಚುಕ್ಕೆಗಳು, ಇವು ಮೂರೂ ಯಾವ ಸಾಲೂ ಇಲ್ಲದೆ ಒಂದರೊಳಗೊಂದು ಹೆಣೆದುಕೊಂಡಿರುವುದನ್ನು ಗಮನಿಸಿ. ಶಿಲಾಪಾಕ ತಣಿದು ಹೆಪ್ಪುಗಟ್ಟಿದರೆ ಹೀಗಿರುತ್ತದೆ.

ಆಮೇಲೆ ಬೇಸಿಗೆಯಲ್ಲಿ ಕಾವೇರಿಯ ನೀರು ಇಳಿದಾಗ ಶ್ರೀರಂಗಪಟ್ಟಣದ ಸುತ್ತಲಿನ ಹೊಳೆಪಾತ್ರದಲ್ಲಿ ಬೂದು–ಬಿಳಿ ಪಟ್ಟೆಗಳ ಬಂಡೆಗಳನ್ನು ನೋಡಿ. ಇದು ಪೆನಿನ್ಸುಲರ್ ನೈಸ್. ಬಹುಪಾಲು 340ರಿಂದ 300 ಕೋಟಿ ವರ್ಷಗಳ ಹಿಂದಿನದು, ಎರಡೂ ಜಿಲ್ಲೆಗಳ ತಳಪಾಯ. ಹೊಸಬರು ಮೋಸಹೋಗುವುದು ಇಲ್ಲಿಯೇ. ಪಟ್ಟೆಗಳು ಎಷ್ಟು ಅಚ್ಚುಕಟ್ಟಾಗಿರುತ್ತವೆಂದರೆ ಮೆಕ್ಕಲಿನ ಪದರಗಳೇ ಎನ್ನಿಸುತ್ತದೆ. ಚಾಕುವಿನಿಂದ ಗೀರಿ, ಕನ್ನಡಿಯಿಂದ ನೋಡಿ: ಬಿಳಿ ಪಟ್ಟೆಯಲ್ಲಿ ಬೆಣಚಿನಷ್ಟೇ ಫೆಲ್ಡ್‌ಸ್ಪಾರ್ ಇದೆ, ಕಪ್ಪು ಪಟ್ಟೆಯಲ್ಲಿ ಕಾಗೆಬಂಗಾರ, ಎಂದರೆ ಅಭ್ರಕವಿದೆ. ಎಲ್ಲವನ್ನೂ ಕೂಡಿಸಿದರೆ ಗ್ರಾನೈಟಿನ ಲೆಕ್ಕವೇ ಬರುತ್ತದೆ. ಪಟ್ಟೆಗಳು ಬಂದದ್ದು ಬಿಸಿಯಲ್ಲಿ ಲಟ್ಟಿಸಿದ್ದರಿಂದ, ನೀರಿನಲ್ಲಿ ಕೂತದ್ದರಿಂದ ಅಲ್ಲ. ಈ ಎರಡು ಕಲ್ಲುಗಳು ಕಣ್ಣಿಗೆ ಚೆನ್ನಾಗಿ ಪರಿಚಯವಾಗುವವರೆಗೆ ಮುಂದಿನ ಹಂತಗಳು ಪ್ರಯೋಜನಕ್ಕೆ ಬರುವುದಿಲ್ಲ.

ಹಂತ 4: ನೆಲದ ಏರಿಳಿತದಿಂದ ಸುಳಿವು ಹಿಡಿಯುವುದು

ಬೆಣಚುಶಿಲೆ ಮತ್ತು ಪಟ್ಟೆ ಕಬ್ಬಿಣಶಿಲೆ ಸವೆಯುವುದು ನಿಧಾನ, ಆದ್ದರಿಂದ ಅವು ಕಿರಿದಾದ ದಿಣ್ಣೆಯಾಗಿ ಉಳಿಯುತ್ತವೆ. ಜೇಡಿಯಿಂದಾದ ಶಿಸ್ಟ್ ಎಂಬ ಹಾಳೆಹಾಳೆಯಾದ ಕಲ್ಲು ಮತ್ತು ಸುಣ್ಣದ ಕೆಸರಿನಿಂದಾದ ಅಮೃತಶಿಲೆ ಬೇಗ ಸವೆದು ತಗ್ಗಾಗುತ್ತವೆ; ಅವನ್ನು ಬಾವಿ ತೋಡಿದ ಮಣ್ಣಿನ ಗುಡ್ಡೆಯಲ್ಲಿ, ನಾಲೆಯ ಕೊರೆದ ಪಕ್ಕಗಳಲ್ಲಿ, ರಸ್ತೆಗೆ ಕಡಿದ ದಿಬ್ಬಗಳಲ್ಲಿ ಹುಡುಕಬೇಕು. ಜೋರು ಮಳೆ ಬಂದು ನಿಂತ ಮೇಲೆ ಮಣ್ಣಿನ ರಸ್ತೆಯ ಚರಂಡಿಯನ್ನೊಮ್ಮೆ ನೋಡಿ: ನೀರು ಹಗುರವಾದ ಮಣ್ಣನ್ನು ಕೊಚ್ಚಿಕೊಂಡು ಹೋಗಿ ಭಾರದ ಕಣಗಳನ್ನು ಗೆರೆಗೆರೆಯಾಗಿ ಬಿಟ್ಟಿರುತ್ತದೆ. ಕಪ್ಪು ಗೆರೆ ಅಯಸ್ಕಾಂತಕ್ಕೆ ಅಂಟಿದರೆ ಮ್ಯಾಗ್ನೆಟೈಟ್. ದಾಳಿಂಬೆ ಕಾಳಿನ ಬಣ್ಣದ ಗೆರೆ ಉಳಿದರೆ ಗಾರ್ನೆಟ್. ಆ ಗೆರೆ ಬಂದ ಮೇಲಿನ ದಿಕ್ಕಿಗೆ ನಡೆದರೆ ಹುಡುಕುತ್ತಿರುವ ಬಂಡೆ ಬಹುಮಟ್ಟಿಗೆ ಅಲ್ಲಿಯೇ ಇರುತ್ತದೆ.

ಹಂತ 5: ಮರಳು ಬೆಂದು ಆದ ಬೆಣಚುಶಿಲೆ

ಬಿಳಿ ಬೆಣಚಿನ ದಿಣ್ಣೆ ಕಂಡರೆ ಎರಡು ಸಾಧ್ಯತೆಗಳಿವೆ. ಒಂದು, ಅದು ಬಿರುಕಿನಲ್ಲಿ ಬಿಸಿನೀರಿನಿಂದ ಇಳಿದ ಬೆಣಚಿನ ನಾಳ. ಇನ್ನೊಂದು, ಹಳೆಯ ಮರಳಿನ ಹಾಸು. ಬೆಣಚಿನ ಗಡಸುತನ ಮೋಹ್ಸ್ ಮಾನದಲ್ಲಿ 7. ಚಾಕು ಎರಡನ್ನೂ ಗೀರಲಾರದು, ಆದ್ದರಿಂದ ಆ ಪರೀಕ್ಷೆ ಇಲ್ಲಿ ಉಪಯೋಗವಿಲ್ಲ. ನಾಳವು ಹಾಲಿನ ಬಿಳುಪಿನದು, ಸುತ್ತಲಿನ ಪಟ್ಟೆಗಳನ್ನು ಅಡ್ಡಕ್ಕೆ ಕತ್ತರಿಸಿಕೊಂಡು ಹೋಗಬಹುದು, ಒಳಗೆ ಬೇರೆ ಖನಿಜ ವಿರಳ. ಬೆಣಚುಶಿಲೆಯ ಹಾಸು ಪಕ್ಕದ ಪಟ್ಟಿಗಳ ಜೊತೆಗೇ ಬಾಗುತ್ತದೆ, ಜೊತೆಗೇ ಮಡಚಿಕೊಳ್ಳುತ್ತದೆ. ಮುರಿದ ಮುಖ ಕಲ್ಲುಸಕ್ಕರೆಯ ಪುಡಿ ಒತ್ತಿದಂತೆ ಹೊಳೆಯುತ್ತದೆ. ಅಭ್ರಕ, ಸಿಲಿಮನೈಟ್ ಎಂಬ ಖನಿಜದ ಬಿಳಿ ಎಳೆ, ಕಬ್ಬಿಣದ ಖನಿಜದ ಚುಕ್ಕೆಗಳು ಸಾಲುಸಾಲಾಗಿ ಕಾಣುತ್ತವೆ.

ಎಲ್ಲಕ್ಕಿಂತ ನಂಬಲರ್ಹವಾದ ಗುರುತು ಹಸಿರು. ಬೆಣಚುಶಿಲೆಯನ್ನು ನೀರಿನಲ್ಲಿ ತೋಯಿಸಿ ಬಿಸಿಲಿಗೆ ಹಿಡಿದಾಗ, ಎಳೆಯ ಬಾಳೆಸುಳಿಯ ಬಣ್ಣದ ಸಣ್ಣ ಸಣ್ಣ ಹಾಳೆಗಳು ಮಿನುಗಿದರೆ ಅದು ಫುಕ್ಸೈಟ್, ಕ್ರೋಮಿಯಂ ಸೇರಿದ ಅಭ್ರಕ. ಶುದ್ಧ ಮರಳಿಗೆ ಕ್ರೋಮಿಯಂ ಬಂದದ್ದೆಲ್ಲಿಂದ? ಆ ಕಾಲದ ದಂಡೆಯ ಮೇಲೆ ಮೆಗ್ನೀಷಿಯಂ ಹೆಚ್ಚಿರುವ ಕಪ್ಪು ಶಿಲೆಗಳಿದ್ದವು; ಅವು ಸವೆದಾಗ ಒಳಗಿದ್ದ ಕ್ರೋಮೈಟಿನ ಗಟ್ಟಿ ಕಣಗಳು ಮರಳಿನ ಜೊತೆ ಕೊಚ್ಚಿಬಂದು ಕೂತವು. ಮುಂದೆ ಬೇಯುವಾಗ ಆ ಕ್ರೋಮಿಯಂ ಪಕ್ಕದ ಜೇಡಿಯ ಜೊತೆ ಸೇರಿ ಹಸಿರು ಅಭ್ರಕವಾಯಿತು. ಒಂದು ಮಿಲಿಮೀಟರಿನ ಹಸಿರು ಹಾಳೆಯಲ್ಲಿ ಅಳಿದುಹೋದ ಒಂದು ದಂಡೆಯ ವಿವರ ಸಿಗುವುದು ನನಗೆ ಈ ಶಾಸ್ತ್ರದ ಅತ್ಯಂತ ಸೊಗಸಾದ ಸಂಗತಿ ಎನ್ನಿಸುತ್ತದೆ.

ಹಂತ 6: ಜೇಡಿಯಿಂದಾದ ಶಿಲೆ

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ, ಏಕೆಂದರೆ ಕಣಶಿಲೆ ಎಂಬುದಕ್ಕೆ ಗಟ್ಟಿ ಪುರಾವೆ ಸಿಗುವುದು ಇಲ್ಲಿ.

ಬಂಡೆ ಮಣ್ಣಾಗುವಾಗ ಮಳೆನೀರು ಫೆಲ್ಡ್‌ಸ್ಪಾರಿನಲ್ಲಿರುವ ಸೋಡಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳನ್ನು ಕರಗಿಸಿಕೊಂಡು ಹೋಗುತ್ತದೆ. ಅಲ್ಯೂಮಿನಿಯಂ ಕರಗದೆ ಜೇಡಿಯಾಗಿ ಹಿಂದೆ ಉಳಿಯುತ್ತದೆ. ಮಂಡ್ಯದ ಕೆಮ್ಮಣ್ಣಿನ ಹೊಲಗಳಲ್ಲಿ ಈ ಕೆಲಸ ಇಂದಿಗೂ ನಡೆಯುತ್ತಿದೆ. ಹೀಗಾಗಿ ಕಲ್ಲೊಂದರಲ್ಲಿ ಕ್ಷಾರಗಳ ಪಾಲಿಗೆ ಮೀರಿ ಅಲ್ಯೂಮಿನಿಯಂ ತುಂಬಿದ್ದರೆ, ಅದು ಒಮ್ಮೆ ಬಯಲಲ್ಲಿ ಬಿಸಿಲು ಮಳೆಗೆ ಸಿಕ್ಕಿ ಮಣ್ಣಾಗಿತ್ತು ಎಂದು ತರ್ಕಿಸಬಹುದು. ಅಂಥ ಜೇಡಿ ಬೆಂದಾಗ ಕಯನೈಟ್, ಸಿಲಿಮನೈಟ್, ಗಾರ್ನೆಟ್ ಹುಟ್ಟುತ್ತವೆ. ಸಿಲಿಕ, ಎಂದರೆ ಬೆಣಚಿನ ವಸ್ತು, ಬಹಳ ಕಡಿಮೆಯಿದ್ದರೆ ಕುರುಂದವೂ ಹುಟ್ಟುತ್ತದೆ. ಸರಗೂರಿನ ಸುತ್ತ ಈ ನಾಲ್ಕೂ ಸಿಗುತ್ತವೆ.

ಕಯನೈಟನ್ನು ಗುರುತಿಸುವ ವಿಧಾನವನ್ನು ಕೈಯಾರೆ ಮಾಡಿ ಕಲಿಯಬೇಕು. ಬೂದು ಮಿಶ್ರಿತ ನೀಲಿ ಬಣ್ಣದ, ಹಲ್ಲುಕಡ್ಡಿಯನ್ನು ಚಪ್ಪಟೆ ಮಾಡಿದಂಥ ಹರಳೊಂದನ್ನು ಆರಿಸಿಕೊಳ್ಳಿ. ಚಾಕುವಿನ ಮೊನೆಯನ್ನು ಹರಳಿನ ಉದ್ದಕ್ಕೆ ಎಳೆಯಿರಿ: ಗೀರು ಬೀಳುತ್ತದೆ. ಅದೇ ಹರಳಿನ ಅಡ್ಡಕ್ಕೆ ಎಳೆಯಿರಿ: ಚಾಕು ಜಾರಿ, ಉಕ್ಕಿನದೇ ಕಪ್ಪು ಗೆರೆ ಹರಳಿನ ಮೇಲೆ ಉಳಿಯುತ್ತದೆ. ಉದ್ದಕ್ಕೆ ಗಡಸುತನ 5ರ ಆಸುಪಾಸು, ಅಡ್ಡಕ್ಕೆ 7ರ ಆಸುಪಾಸು. ನಮ್ಮ ಕೈಗೆ ಸಿಗುವ ಸಾಮಾನ್ಯ ಖನಿಜಗಳಲ್ಲಿ ಇಷ್ಟು ಸ್ಪಷ್ಟವಾಗಿ ಎರಡು ಬಗೆಯಾಗಿ ವರ್ತಿಸುವುದು ಇದೊಂದೇ. ಗೀರಿದ ಪುಡಿಯನ್ನು ಊದಿ ಕನ್ನಡಿಯಲ್ಲಿ ನೋಡುವುದನ್ನು ಮರೆಯಬೇಡಿ, ಇಲ್ಲವಾದರೆ ಉಕ್ಕಿನ ಗೆರೆಯನ್ನೇ ಗೀರೆಂದು ಭ್ರಮಿಸುತ್ತೇವೆ.

ಕಯನೈಟ್ ಮತ್ತು ಸಿಲಿಮನೈಟ್‌ಗಳ ರಾಸಾಯನಿಕ ಸೂತ್ರ ಒಂದೇ; ಒತ್ತಡ ಹೆಚ್ಚಿದ್ದರೆ ಮೊದಲನೆಯದು, ಕಾವು ಹೆಚ್ಚಿದರೆ ಎರಡನೆಯದು. ನೀಲಿ ಹರಳಿನ ಅಂಚನ್ನು ಬಿಳಿ ರೇಷ್ಮೆಯ ಎಳೆಗಳಂಥ ಸಿಲಿಮನೈಟ್ ತಿನ್ನುತ್ತಿರುವುದು ಕಂಡರೆ, ಆ ಕಲ್ಲು ಆಳದಲ್ಲಿದ್ದಾಗ ಇನ್ನೂ ಬಿಸಿಯಾಗುತ್ತ ಹೋಗಿತ್ತು ಎಂದು ಬರೆದುಕೊಳ್ಳಬಹುದು. ಇದೇ ಶಿಲೆಗಳಲ್ಲಿ ಕೆಲವೆಡೆ ಗ್ರಾಫೈಟ್ ಸಿಗುತ್ತದೆ. ಕಾಗದದ ಮೇಲೆ ಉಜ್ಜಿದರೆ ಪೆನ್ಸಿಲಿನಂತೆ ಗೀಚುತ್ತದೆ. ಅದು ಇಂಗಾಲವೆಂಬುದು ಖಂಡಿತ, ಆದರೆ ಜೀವಿಗಳ ಅವಶೇಷವೆಂದು ಕಣ್ಣಳತೆಯಲ್ಲಿ ತೀರ್ಮಾನಿಸಬಾರದು. ಇಂಗಾಲದ ಸಮಸ್ಥಾನಿಗಳನ್ನು ಅಳೆಯದೆ ಆ ಮಾತು ಆಡುವುದು ಅವಸರದ ಮಾತಾಗುತ್ತದೆ.

ಹಂತ 7: ಸುಣ್ಣದ ಕೆಸರಿನ ಶಿಲೆ, ಮತ್ತು ಆಮ್ಲದ ಮೋಸ

ಬಿಳಿ ಕಲ್ಲಿನ ಮೇಲೆ ಒಂದು ಹನಿ ಆಮ್ಲ ಬಿಟ್ಟಾಗ ಕ್ಯಾಲ್ಸೈಟ್ ಆಗಿದ್ದರೆ ತಕ್ಷಣ ನೊರೆ ಬರುತ್ತದೆ. ಡೊಲೊಮೈಟ್ ಆಗಿದ್ದರೆ ಚಾಕುವಿನಿಂದ ಕೆರೆದು ಪುಡಿ ಮಾಡಿದ ಮೇಲೆ ಮಾತ್ರ ಸಣ್ಣಗೆ ಗುಳ್ಳೆ ಏಳುತ್ತದೆ. ಮ್ಯಾಗ್ನೆಸೈಟ್ ತಣ್ಣನೆಯ ಆಮ್ಲಕ್ಕೆ ಜಗ್ಗುವುದೇ ಇಲ್ಲ ಎನ್ನಬೇಕು. ಮೈಸೂರಿನ ಸಮೀಪದ ದೊಡ್ಡಕಾನ್ಯದ ಕಡೆ ಸಿಗುವ, ಸುಟ್ಟ ಸುಣ್ಣದಂತೆ ಕಾಣುವ ಬಿಳಿ ಗೆಡ್ಡೆಗಳು ಮ್ಯಾಗ್ನೆಸೈಟ್. ಅವು ಮೆಗ್ನೀಷಿಯಂ ಹೆಚ್ಚಿರುವ ಅಗ್ನಿಶಿಲೆ ಮಾರ್ಪಟ್ಟು ಆದವು, ಸಮುದ್ರದ ಸುಣ್ಣವಲ್ಲ.

ಇಲ್ಲಿ ನಾನು ತಪ್ಪಿದ್ದನ್ನು ಹೇಳಿಬಿಡುವುದು ಒಳ್ಳೆಯದು. ಮೊದಲ ವರ್ಷ ಬೂದು ಬಂಡೆಯೊಂದಕ್ಕೆ ಆಮ್ಲ ಬಿಟ್ಟು, ಭರ್ಜರಿ ನೊರೆ ಕಂಡು, ‘ಅಮೃತಶಿಲೆ’ ಎಂದು ದಪ್ಪ ಅಕ್ಷರಗಳಲ್ಲಿ ಬರೆದುಕೊಂಡು, ಮೂರು ಕಿಲೋಮೀಟರು ಹೊತ್ತು ತಂದಿದ್ದೆ. ಮನೆಗೆ ಬಂದು ಒಡೆದಾಗ ಒಳಗೆ ಸಾಧಾರಣ ನೈಸ್. ನೊರೆ ಬಂದದ್ದು ಮಣ್ಣಿನ ನೀರು ಬಂಡೆಯ ಮೇಲೆ ಹಚ್ಚಿದ ಸುಣ್ಣದ ತೊಗಟೆಯಿಂದ. ಹೊಲಗಳಲ್ಲಿ ಸಿಗುವ ಸುಣ್ಣದ ಹರಳು ಕೂಡ ಅದೇ ವಸ್ತು, ಅದರ ವಯಸ್ಸು ಕಲ್ಲಿನ ವಯಸ್ಸಿನ ಮುಂದೆ ನಿನ್ನೆಯದು. ಆದುದರಿಂದ ಆಮ್ಲವನ್ನು ಹೊರಮೈಗೆ ಬಿಡಬಾರದು. ಹೊಸದಾಗಿ ಒಡೆದ ಮುಖಕ್ಕೇ ಬಿಡಬೇಕು. ನಿಜವಾದ ಅಮೃತಶಿಲೆಯಲ್ಲಿ ನೊರೆಯ ಜೊತೆಗೆ ತಿಳಿಹಸಿರು ಡಯಾಪ್ಸೈಡ್ ಕಣಗಳು ಕಾಣುವುದುಂಟು: ಸುಣ್ಣದ ಕೆಸರಿನಲ್ಲಿ ಬೆರೆತಿದ್ದ ಮರಳು ಕಾವಿನಲ್ಲಿ ಅದರೊಡನೆ ಕೂಡಿ ಆದದ್ದು ಅದು.

ಹಂತ 8: ಪಟ್ಟೆ ಕಬ್ಬಿಣಶಿಲೆ

ಗುರುತಿಸಲು ಇದು ಎಲ್ಲಕ್ಕಿಂತ ಸುಲಭ. ಕೈಗೆತ್ತಿಕೊಂಡಾಗಲೇ ಭಾರ ತಿಳಿಯುತ್ತದೆ, ಅಯಸ್ಕಾಂತ ದಾರವನ್ನು ಎಳೆದುಕೊಂಡು ಹೋಗಿ ಅಂಟುತ್ತದೆ, ಬಿಳಿ ಬೆಣಚು ಮತ್ತು ಕಪ್ಪು ಮ್ಯಾಗ್ನೆಟೈಟ್ ಪಟ್ಟೆಗಳು ಸರದಿಯಲ್ಲಿ ಬರುತ್ತವೆ. ಅಯಸ್ಕಾಂತ ಅಂಟಿತೆಂಬುದಷ್ಟೇ ಸಾಲದು, ಏಕೆಂದರೆ ಕೆಲವು ಕಪ್ಪು ಅಗ್ನಿಶಿಲೆಗಳೂ ಅದನ್ನು ಸೆಳೆಯುತ್ತವೆ. ನಡುವೆ ಬೆಣಚಿನ ಪಟ್ಟೆ ಇರಲೇಬೇಕು. ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆಯಿದ್ದ ಕಾಲದಲ್ಲಿ ಕಬ್ಬಿಣವು ಸಮುದ್ರದ ನೀರಿನಲ್ಲಿ ಕರಗಿಯೇ ಇತ್ತು. ಅದು ಸಿಲಿಕದ ಜೊತೆ ತಳಕ್ಕೆ ಇಳಿದು ಈ ಪಟ್ಟೆಗಳಾಯಿತು. ವಾತಾವರಣದಲ್ಲಿ ಆಮ್ಲಜನಕ ಏರಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಸರಗೂರಿನ ಕಬ್ಬಿಣ ಅದಕ್ಕಿಂತ ಬಹಳ ಮೊದಲೇ ಕೂತಾಗಿತ್ತು. ಇಂಥ ಬಂಡೆಯ ಹತ್ತಿರ ದಿಕ್ಸೂಚಿಯ ಮುಳ್ಳನ್ನು ನಂಬಬೇಡಿ.

ಹಂತ 9: ಒಡನಾಡಿಗಳನ್ನು ನೋಡುವುದು, ಯಾವುದು ಯಾವುದನ್ನು ಕತ್ತರಿಸಿದೆ ಎಂದು ಕೇಳುವುದು

ಒಂದೇ ಕಲ್ಲಿನಿಂದ ತೀರ್ಮಾನಕ್ಕೆ ಬರಬಾರದು. ಬೆಣಚುಶಿಲೆ, ಕಯನೈಟ್ ಶಿಸ್ಟ್, ಅಮೃತಶಿಲೆ, ಕಬ್ಬಿಣಶಿಲೆಗಳಲ್ಲಿ ಎರಡೋ ಮೂರೋ ಅಕ್ಕಪಕ್ಕದಲ್ಲಿ, ಒಂದೇ ದಿಕ್ಕಿಗೆ ಓಡುತ್ತಿದ್ದರೆ ಮಾತು ಗಟ್ಟಿಯಾಗುತ್ತದೆ. ಅವುಗಳ ನಡುವೆ ಆಂಫಿಬೊಲೈಟ್ ಎಂಬ ಕಪ್ಪು ಕಲ್ಲು, ಬಳಪದಕಲ್ಲು ಬಂದೇ ಬರುತ್ತವೆ. ಮೊದಲನೆಯದು ಹಳೆಯ ಲಾವಾ, ಎರಡನೆಯದು ಮೆಗ್ನೀಷಿಯಂ ಶಿಲೆಯ ಮಾರ್ಪಾಟು. ಸೋಮನಾಥಪುರದ 13ನೆಯ ಶತಮಾನದ ಕೇಶವ ದೇವಾಲಯದ ಕಲ್ಲಿನ ಮೃದುತ್ವವನ್ನು ನೆನಪಿಸಿಕೊಂಡರೆ ಬಳಪದಕಲ್ಲಿನ ಜಾತಿ ಗೊತ್ತಾಗುತ್ತದೆ. ಇವು ಒಡನಾಡಿಗಳೇ ಹೊರತು ಕಣಶಿಲೆಗಳಲ್ಲ. ಹಾಗೆಯೇ ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣದ ಲಿಥಿಯಂ ಸುದ್ದಿ ಬಂದಾಗಿನಿಂದ ಅನೇಕರು ಅದನ್ನೂ ಇದರ ಜೊತೆ ಸೇರಿಸಿ ಕೇಳುತ್ತಾರೆ. ಆ ಲಿಥಿಯಂ ಇರುವುದು ಶಿಲಾಪಾಕದ ಕೊನೆಯ ರಸ ಹೆಪ್ಪುಗಟ್ಟಿದ ಪೆಗ್ಮಟೈಟಿನಲ್ಲಿ.

ಇನ್ನು ಗಡಿಯನ್ನು ಹುಡುಕಿ. ನೈಸ್‌ನ ತೆಳುವಾದ ಬಿಳಿ ಎಳೆಗಳು ಕಯನೈಟ್ ಶಿಸ್ಟಿನೊಳಗೆ ನುಗ್ಗಿರುವುದು ಕಂಡರೆ, ನುಗ್ಗಿದ್ದು ಕಿರಿಯದು, ನುಗ್ಗಿಸಿಕೊಂಡದ್ದು ಹಿರಿಯದು. ಪಟ್ಟೆಗಳು ಓಡುವ ದಿಕ್ಕು ಮತ್ತು ವಾಲಿದ ಕೋನವನ್ನು ಹತ್ತಾರು ಕಡೆ ಅಳೆದು ಬರೆಯಿರಿ. ಒಂದೇ ಕಬ್ಬಿಣದ ದಿಣ್ಣೆ ಎರಡು ಬಾರಿ ಬಂದರೆ ಎರಡು ಹಾಸುಗಳಿವೆ ಎಂದು ಎಣಿಸುವ ಮೊದಲು ಮಡಿಕೆಯ ತಿರುವಿದೆಯೇ ಎಂದು ನಡೆದು ನೋಡಿ.

ಹಂತ 10: ಬರೆಯುವುದು ಮತ್ತು ಪ್ರಯೋಗಾಲಯಕ್ಕೆ ಬಿಡುವುದು

ಮುಷ್ಟಿಗಾತ್ರದ ಒಂದು ಚೂರು ಸಾಕು. ಅದರ ಮೇಲೆ ಸಂಖ್ಯೆ, ಚೀಟಿಯಲ್ಲಿ ಅಕ್ಷಾಂಶ–ರೇಖಾಂಶ, ಪಕ್ಕದ ಕಲ್ಲುಗಳ ಹೆಸರು, ನಿಮ್ಮ ತೀರ್ಮಾನ, ಆ ತೀರ್ಮಾನಕ್ಕೆ ಕಾರಣವಾದ ಪರೀಕ್ಷೆ, ಇಷ್ಟೂ ಅಲ್ಲಿಯೇ ಕೂತು ಬರೆಯಬೇಕು. ಸಂಜೆ ಮನೆಯಲ್ಲಿ ಬರೆದದ್ದು ಕಲ್ಲಿಗಿಂತ ನಮ್ಮ ಆಸೆಯನ್ನೇ ಹೆಚ್ಚು ವರ್ಣಿಸುತ್ತದೆ. ಅನುಮಾನ ಉಳಿದ ಚೂರನ್ನು ಮಾನಸಗಂಗೋತ್ರಿಯ ಭೂವಿಜ್ಞಾನ ವಿಭಾಗದಂಥ ಕಡೆ ತಿಳಿದವರಿಗೆ ತೋರಿಸಿದರೆ, ಅದನ್ನು 0.03 ಮಿಲಿಮೀಟರ್ ದಪ್ಪಕ್ಕೆ ತೇದು ಧ್ರುವೀಕೃತ ಬೆಳಕಿನಲ್ಲಿ ನೋಡುವ ಪದ್ಧತಿಯಿಂದ ಖನಿಜಗಳು ಸ್ಪಷ್ಟವಾಗುತ್ತವೆ.

ವಯಸ್ಸನ್ನು ಮಾತ್ರ ಹೊಲದಲ್ಲಿ ಹೇಳಲಾಗುವುದಿಲ್ಲ. ಅದನ್ನು ಹೇಳುವುದು ಮರಳಿನ ಜೊತೆ ಕೊಚ್ಚಿಬಂದ ಜಿರ್ಕಾನ್ ಎಂಬ ಸಣ್ಣ ಹರಳು. ಸವೆತಕ್ಕೂ ಕಾವಿಗೂ ಸುಲಭವಾಗಿ ಬಗ್ಗದ ಅದರೊಳಗಿನ ಯುರೇನಿಯಂ ನಿಯತ ವೇಗದಲ್ಲಿ ಸೀಸವಾಗುತ್ತದೆ. ಸರಗೂರು ಸಮೂಹದ ಕಣಶಿಲೆಗಳ ಜಿರ್ಕಾನ್‌ಗಳನ್ನು ಅಳೆದು 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 358 ಕೋಟಿ ವರ್ಷಗಳಷ್ಟು ಹಳೆಯ ಹರಳುಗಳು ಸಿಕ್ಕವು. ಹರಳಿನ ವಯಸ್ಸು ಮರಳು ಕೂತ ದಿನದ ವಯಸ್ಸಲ್ಲ. ಅದು ಸವೆದುಹೋದ ಬಂಡೆಯ ವಯಸ್ಸು. ಮರಳು ಕೂತದ್ದು ತನ್ನೊಳಗಿನ ಅತ್ಯಂತ ಕಿರಿಯ ಹರಳಿಗಿಂತ ಈಚೆಗೆ, ತನ್ನನ್ನು ಕತ್ತರಿಸಿದ ನೈಸ್‌ಗಿಂತ ಆಚೆಗೆ. ಬೇಯುವಾಗ ಹರಳಿನ ಸುತ್ತ ಹೊಸದಾಗಿ ಬೆಳೆದ ತೆಳು ಹೊರಪದರವನ್ನು ಈ ಲೆಕ್ಕದಿಂದ ಬಿಡಬೇಕಾದ್ದರಿಂದ, ಹರಳಿನ ತಿರುಳನ್ನೂ ಅಂಚನ್ನೂ ಬೇರೆಬೇರೆಯಾಗಿ ಅಳೆಯುತ್ತಾರೆ. ಹಂತ 9ರಲ್ಲಿ ಗಡಿಯ ಚಿತ್ರವನ್ನು ನೋಟ್‌ಬುಕ್ಕಿನಲ್ಲಿ ಸರಿಯಾಗಿ ಬರೆದುಕೊಂಡಿದ್ದರೆ, ಆ ಎರಡು ಅಂಕಿಗಳ ನಡುವೆ ನಿಮ್ಮ ಚೂರು ಎಲ್ಲಿ ಕೂರುತ್ತದೆಂದು ಪ್ರಯೋಗಾಲಯದವರಿಗೆ ತಿಳಿಯುತ್ತದೆ.